ನಿಲ್ಲದ ಪೆನ್ನು

ಅವಳು ಒಂದೊಂದೇ ಪೆನ್ನಿನ ಮುಚ್ಚಳ ತೆಗೆದು, ರದ್ದಿ ಕಾಗದದ ಮೇಲೆ ಗೆರೆ ಎಳೆದು, ಮುಚ್ಚಿ ಪಕ್ಕಕ್ಕಿಡುತ್ತಿದ್ದಳು. ಗೆರೆ ಕಡಿಯದೆ ಬಂದರೆ ಆ ಪೆನ್ನು ಡಬ್ಬಿಗೆ. ತಡವರಿಸಿದರೆ ಕಸದ ಬುಟ್ಟಿಗೆ. ಗ್ರಂಥಾಲಯದ ಒಳಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಒಂದು ಪೆನ್ನು ಮಾತ್ರ ಎಳೆದಾಗಲೆಲ್ಲ ಕರಕರ ಎನ್ನುತ್ತಿತ್ತು. ಶಾಯಿಯೇನೋ ಚೆನ್ನಾಗಿಯೇ ಬರುತ್ತಿತ್ತು. ಡಬ್ಬಿಗೋ ಬುಟ್ಟಿಗೋ ಎಂದು ಅವಳು ಕೈ ತಡೆದಾಗಲೇ ಬಾಗಿಲ ಕಡೆಯಿಂದ ದನಿ ಬಂತು.

"ಅದನ್ನ ಎಸೀಬೇಡಿ. ನನಗೆ ಅದೇ ಇರಲಿ."

ಅವಳು ಬೆಚ್ಚಿ ತಲೆಯೆತ್ತಿದಳು. ಎತ್ತರದ ಯುವಕ. ಕಪ್ಪು ಕನ್ನಡಕ, ಕೈಯಲ್ಲಿ ಬಿಳಿ ಕೋಲು. ಮುಖ ಅವಳ ಕಡೆಗಿತ್ತು, ಆದರೆ ಅವಳ ತಲೆಗಿಂತ ಗೇಣು ಮೇಲೆ ಎಲ್ಲೋ ನೋಡುವಂತಿತ್ತು.

ಎಸೆಯಬೇಕೆಂದು ಯೋಚಿಸಿದ್ದು ಇವನಿಗೆ ಹೇಗೆ ಗೊತ್ತಾಯಿತು...?

ಕೇಳಬೇಕೆನಿಸಿತು. ಬಾಯಿ ಬರಲಿಲ್ಲ. ಹೊಸಬರೆದುರು ಅವಳಿಗೆ ಬಾಯಿ ಬರುತ್ತಲೇ ಇರಲಿಲ್ಲ. ಅದಕ್ಕೇ ಮನೆಯಲ್ಲಿ ಚಿಕ್ಕಮ್ಮ ಅವಳಿಗೆ ಮೌನಗೌರಿ ಎಂದು ಹೆಸರಿಟ್ಟಿದ್ದಳು.

ಅದು ಹಗಲೆಲ್ಲ ದುಡಿಯುವವರು ಸಂಜೆ ಬಂದು ಕಲಿಯುವ ಸಮುದಾಯ ಕಾಲೇಜು. ಗ್ರಂಥಾಲಯದ ಒಳಕೋಣೆಯ ಮೇಲೆ 'ಕಲಿಕಾ ನೆರವು ಕೇಂದ್ರ' ಎಂಬ ಫಲಕ. ಓದಲು ಕಷ್ಟವಾದವರಿಗೆ ಅಲ್ಲಿ ಓದಿ ಹೇಳುತ್ತಿದ್ದರು. ಬರೆಯಲಾಗದವರು ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆದುಕೊಡುತ್ತಿದ್ದರು. ಅವಳು ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸಲು ಸೇರಿದವಳು. ಅಕ್ಷರ ದುಂಡಗಿದೆಯೆಂದು ಗ್ರಂಥಪಾಲಕಿ ಮೇಡಂ ಈ ಕೆಲಸಕ್ಕೂ ಎಳೆದಿದ್ದರು.

ಬರೆದುಕೊಡುವವರು ಪರೀಕ್ಷೆ ಬರೆಸುವವರಿಗಿಂತ ಕಡಿಮೆ ಓದಿರಬೇಕು ಎಂಬುದು ಅಲ್ಲಿಯ ನಿಯಮ. ಉತ್ತರ ಗೊತ್ತಿದ್ದು ಸೇರಿಸಿಬಿಟ್ಟಾರು ಎಂಬ ಭಯ. ಅಮ್ಮ ಹಾಸಿಗೆ ಹಿಡಿದಾಗ ತಮ್ಮಂದಿರನ್ನು ನೋಡಿಕೊಳ್ಳಲೆಂದು ಅವಳು ಅರ್ಧಕ್ಕೇ ಶಾಲೆ ಬಿಟ್ಟಿದ್ದಳು. ಕಡಿಮೆ ಓದಿದ್ದಕ್ಕೆ ಕೆಲಸ ಸಿಗುವುದು ಇಲ್ಲಿ ಮಾತ್ರ ಎಂದು ಮೇಡಂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಒಳಗೆ ಎಲ್ಲೋ ಚುರುಕ್ಕೆಂದಿತ್ತು.

ಈಗ ಮೇಡಂ ಆ ಯುವಕನ ಹಿಂದೆಯೇ ಬಂದು ಪರಿಚಯ ಹೇಳಿದರು. ಅಣ್ಣನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವನು. ಬ್ಯಾಟರಿ ಸಿಡಿದು ಕಣ್ಣು ಹೋಯಿತು. ಎಂಜಿನ್ನಿನ ಸದ್ದು ಕೇಳಿಯೇ ತೊಂದರೆ ಎಲ್ಲಿದೆಯೆಂದು ಹೇಳುತ್ತಾನೆ. ಸರ್ಟಿಫಿಕೇಟ್ ಪರೀಕ್ಷೆ ಪಾಸಾದರೆ ಕಾಲೇಜಿನ ಕಾರ್ಯಾಗಾರದಲ್ಲಿ ಹುಡುಗರಿಗೆ ಕಲಿಸುವ ಕೆಲಸ ಇವನಿಗೇ. ಪಾಸಾಗದಿದ್ದರೆ ಅಣ್ಣನ ಮನೆಯ ಮೂಲೆ.

"ಇನ್ನೊಂದು ನಿಯಮ ಇದೆ. ಸ್ವಂತದವರು ಬರೆದುಕೊಡೋ ಹಾಗಿಲ್ಲ. ನಿಮ್ಮಿಬ್ಬರಿಗೂ ಏನೂ ಸಂಬಂಧ ಇಲ್ಲ ತಾನೆ?" ಎಂದು ಮೇಡಂ ಕೇಳಿದರು.

"ಅವರ ದನೀನೇ ಇನ್ನೂ ಕೇಳಿಲ್ಲ ಮೇಡಂ. ಸಂಬಂಧ ಎಲ್ಲಿಂದ ತರೋಣ?" ಎಂದ ಅವನು.

ಅವಳ ಕೆನ್ನೆ ಬಿಸಿಯಾಯಿತು. ಸದ್ಯ, ಅವನಿಗೆ ಕಾಣುವುದಿಲ್ಲ ಎಂದುಕೊಂಡಳು. ಹಾಗೆ ಅಂದುಕೊಂಡಿದ್ದಕ್ಕೆ ಮರುಕ್ಷಣವೇ ನಾಚಿಕೊಂಡಳು.

* * *

ದಿನಾ ಸಂಜೆ ಅಣ್ಣ ಅವನನ್ನು ಸ್ಕೂಟರಿನಲ್ಲಿ ತಂದು ಬಿಡುತ್ತಿದ್ದ. ಒಳಗೆ ಬಾರದೆ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದ. ಒಳಗೆ ಇವಳು ಪಠ್ಯ ಓದುವಳು, ಅವನು ಕೇಳುವನು. ಆಮೇಲೆ ಹಳೆಯ ಪ್ರಶ್ನೆಗಳಿಗೆ ಅವನು ಉತ್ತರ ಹೇಳುವನು, ಇವಳು ಬರೆಯುವಳು. ಆ ಕರಕರ ಪೆನ್ನಿನಲ್ಲೇ.

ಮೊದಮೊದಲು ಅವಳು ಪುಸ್ತಕದಲ್ಲಿದ್ದುದನ್ನು ಬಿಟ್ಟು ಒಂದಕ್ಷರ ಹೆಚ್ಚು ಆಡುತ್ತಿರಲಿಲ್ಲ. ಅವನು ಬಿಡಬೇಕಲ್ಲ. ಗೇರ್ ಬಾಕ್ಸಿನ ಪಾಠ ಮುಗಿದಾಗ, ನಿಮ್ಮ ದನಿಯಲ್ಲಿ ಕೇಳಿದರೆ ಗೇರ್ ಆಯಿಲ್ ಕೂಡ ಜೇನುತುಪ್ಪದ ಹಾಗಿರುತ್ತೆ ಎಂದ. ಅವಳು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ಸದ್ದಾಗದ ಹಾಗೆ.

"ನಕ್ಕಿರಿ. ಪುಸ್ತಕ ಅಲ್ಲಾಡಿತು" ಎಂದ.

ಇವನ ಮುಂದೆ ಏನನ್ನೂ ಬಚ್ಚಿಡಲಾಗದಲ್ಲ ಎಂದು ಅವಳಿಗೆ ಹೆದರಿಕೆಯಾಯಿತು. ಕಣ್ಣಿದ್ದವರು ಯಾರೂ ಅವಳನ್ನು ಇಷ್ಟು ಗಮನಿಸಿರಲಿಲ್ಲ. ಮನೆಯಲ್ಲಿ ಅವಳು ಗೋಡೆಗೆ ಒರಗಿಸಿದ ಚಾಪೆಯ ಹಾಗೆ. ಬೇಕಾದಾಗ ಹಾಸುವುದು, ಬೇಡವಾದಾಗ ಸುತ್ತಿಡುವುದು. ಇಲ್ಲಿ ಒಬ್ಬನು ಅವಳು ಉಸಿರೆಳೆದುಕೊಂಡ ಸದ್ದಿಗೂ ತಲೆ ತಿರುಗಿಸುತ್ತಿದ್ದ.

ಸಂಜೆಯಾಗುವುದನ್ನೇ ಕಾಯುತ್ತಿದ್ದೇನೆ ಎಂದು ಅವಳಿಗೆ ಒಂದು ದಿನ ಇದ್ದಕ್ಕಿದ್ದಂತೆ ಹೊಳೆಯಿತು. ಅಂಟಿನ ಕುಂಚ ಕೈಯಲ್ಲೇ ಒಣಗಿತು.

ಸುರಕ್ಷತೆಯ ಪಾಠ ಬಂದಾಗ ಮಾತ್ರ ಅವನು ಬದಲಾದ. ಬೆಂಕಿ, ಸುಟ್ಟ ಗಾಯ, ವಿದ್ಯುತ್ ಆಘಾತ, ಎಲ್ಲವನ್ನೂ ಕೇಳಿದ. ಮುಂದಿನ ಪುಟದ ತಲೆಬರಹ ಓದಿದಳು. ಕಣ್ಣಿಗೆ ಆ್ಯಸಿಡ್ ಸಿಡಿದಾಗ...

"ಆ ಪುಟ ಬೇಡ. ಮುಂದಿನದು ಓದಿ."

ದನಿಯಲ್ಲಿ ತಮಾಷೆ ಇರಲಿಲ್ಲ. ಅವನ ಬೆರಳುಗಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಅವಳು ಯಾಕೆಂದು ಕೇಳಲಿಲ್ಲ. ಹಾಳೆ ತಿರುವುವ ಮುಂಚೆ ಕಣ್ಣಲ್ಲೇ ಆ ಪುಟ ಓದಿಕೊಂಡಳು. ಬೇಡವೆಂದ ಪುಟವನ್ನೇ ಕಣ್ಣು ಹುಡುಕುತ್ತದೆ, ಏನು ಮಾಡುವುದು.

* * *

ಪರೀಕ್ಷೆ ಹತ್ತಿರವಾದಾಗ ಮೇಡಂ ಒಂದು ಮಾದರಿ ಪರೀಕ್ಷೆ ಇಟ್ಟು, ತಾವೇ ಎದುರು ಕೂತು ನೋಡಿದರು. ಮುಗಿದ ಮೇಲೆ ಅವಳನ್ನು ಕಪಾಟುಗಳ ಸಂದಿಗೆ ಕರೆದರು.

"ಅವನು ತಪ್ಪು ಹೇಳಿದಾಗೆಲ್ಲ ನಿನ್ನ ಪೆನ್ ನಿಲ್ಲುತ್ತೆ ಕಣಮ್ಮ. ನಿನಗೆ ಗೊತ್ತಾ?"

ಅವಳಿಗೆ ಗೊತ್ತಿರಲಿಲ್ಲ.

"ಒಂದು ಗಳಿಗೆ ನಿಲ್ಲುತ್ತೆ. ಅಷ್ಟರಲ್ಲಿ ಅವನು ತಿದ್ದಿಕೊಂಡು ಬೇರೆ ಹೇಳ್ತಾನೆ. ಹೊರಗಿನಿಂದ ಬರೋ ಮೇಲ್ವಿಚಾರಕರಿಗೆ ಅನುಮಾನ ಬಂತೋ, ಅವನನ್ನ ಜನ್ಮದಲ್ಲಿ ಮತ್ತೆ ಪರೀಕ್ಷೆಗೆ ಕೂರಿಸಲ್ಲ."

ಓದಿ ಹೇಳುತ್ತ ಹೇಳುತ್ತ ಪಠ್ಯವೆಲ್ಲ ತನ್ನ ತಲೆಯಲ್ಲೂ ಕೂತುಬಿಟ್ಟಿದೆ ಎಂದು ಅವಳು ಎಣಿಸಿಯೇ ಇರಲಿಲ್ಲ. ತಪ್ಪು ಕಿವಿಗೆ ಬಿದ್ದರೆ ಕೈ ತಾನಾಗಿ ತಡೆಯುತ್ತಿತ್ತು. ಅಷ್ಟೇ.

ತನ್ನ ಕೈಯೇ ಅವನ ಬಾಳಿಗೆ ಮುಳ್ಳಾಗಬೇಕೇ?

ಆ ರಾತ್ರಿಯಿಂದ ಅವಳು ಅಭ್ಯಾಸ ಶುರುಮಾಡಿದಳು. ಚಿಕ್ಕಮ್ಮ ಅಡುಗೆಮನೆಯಲ್ಲಿ ಊರ ಸುದ್ದಿ ಹೇಳುವಾಗ ಕೂತು ಅದನ್ನೆಲ್ಲ ಬರೆಯುವುದು. ಚಿಕ್ಕಮ್ಮನ ಸುದ್ದಿಯಲ್ಲಿ ಕಾಲು ಪಾಲು ನಿಜವಿದ್ದರೆ ಹೆಚ್ಚು. ಪಕ್ಕದ ಮನೆಯವಳು ತನ್ನನ್ನು ನೋಡಿ ಸೀರೆ ಉಡುವುದು ಕಲಿತಳೆಂದಳು. ಇವಳು ಬರೆದಳು. ತಾನು ಜೀವಮಾನದಲ್ಲೇ ಯಾರ ಜೊತೆಗೂ ಜಗಳ ಆಡಿದವಳಲ್ಲ ಎಂದಳು. ಇವಳು ಹಲ್ಲು ಕಚ್ಚಿಕೊಂಡು ಅದನ್ನೂ ಬರೆದಳು, ಪೆನ್ನು ನಿಲ್ಲಿಸದೆ.

"ನನ್ನ ಮಾತಿಗೆ ಇಷ್ಟು ಬೆಲೆ ಕೊಟ್ಟವಳು ನೀನೊಬ್ಬಳೇ ನೋಡು" ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡಳು.

* * *

ಪರೀಕ್ಷೆಯ ದಿನ ಒಳಕೋಣೆಯಲ್ಲಿ ಅವನು, ಅವಳು, ಮೂಲೆಯಲ್ಲಿ ಹೊರಗಿನಿಂದ ಬಂದ ಮೇಲ್ವಿಚಾರಕರು. ಆರಂಭದಲ್ಲೇ ಅವರು ಕೇಳಿದರು, ಬರೆದುಕೊಡುವವರು ನಿಮ್ಮ ಕಡೆಯವರೇ ಎಂದು. ಅವನು ತುಸು ತಡೆದು, ಅಲ್ಲ ಎಂದ.

ಸುರಕ್ಷತೆಯ ಭಾಗದ ಪ್ರಶ್ನೆಗಳು ಕಡ್ಡಾಯ. ಅವುಗಳಲ್ಲಿ ಒಂದು ತಪ್ಪಿದರೂ ಉಳಿದದ್ದೆಲ್ಲ ನೀರಿನಲ್ಲಿ ಹೋಮ. ಕಾರ್ಯಾಗಾರದಲ್ಲಿ ಕಲಿಸುವವನಿಗೆ ಅಲ್ಲಿ ತಪ್ಪಲು ಅವಕಾಶವಿಲ್ಲ ಎಂಬುದು ಕಾಲೇಜಿನ ಲೆಕ್ಕ.

ಅವಳು ಪ್ರಶ್ನೆ ಓದುತ್ತ ಹೋದಳು. ಅವನು ಹೇಳುತ್ತ ಹೋದ. ಎಲ್ಲವೂ ಸರಿಯಾಗಿತ್ತು. ಮುಂದಿನದು ಆ ಪುಟದ ಪ್ರಶ್ನೆಯಾಗಿತ್ತು.

ದನಿ ನಡುಗದಂತೆ ಓದಿದಳು. "ಸಹೋದ್ಯೋಗಿಯ ಕಣ್ಣಿಗೆ ಬ್ಯಾಟರಿಯ ಆ್ಯಸಿಡ್ ಸಿಡಿದರೆ ಮೊದಲು ಏನು ಮಾಡುವಿರಿ?"

ಅವನು ಸುಮ್ಮನಾದ. ಎಷ್ಟು ಹೊತ್ತು ಸುಮ್ಮನಿದ್ದನೆಂದರೆ ಮೇಲ್ವಿಚಾರಕರು ತಲೆಯೆತ್ತಿ ನೋಡಿದರು.

ಕೊನೆಗೆ ಅವನು ನಿಧಾನವಾಗಿ, ಒಂದೊಂದೇ ಮಾತು ಹೆಕ್ಕಿ ಇಡುವವನಂತೆ ಹೇಳಿದ. "ಶುದ್ಧವಾದ ಬಟ್ಟೆಯಿಂದ ಕಣ್ಣು ಕಟ್ಟಿ... ಒಂದು ಕ್ಷಣವೂ ತಡಮಾಡದೆ ಎತ್ತಿಕೊಂಡು... ಆಸ್ಪತ್ರೆಗೆ ಓಡುವೆನು."

ತಪ್ಪು. ತಪ್ಪು. ಮೊದಲು ನೀರು. ನೀರು ಸುರಿಯುತ್ತಲೇ ಇರಬೇಕು. ಕಣ್ಣು ಕಟ್ಟಲೇಬಾರದು. ಅವನು ಬೇಡವೆಂದ ಆ ಪುಟ ಅವಳ ಕಣ್ಣ ಮುಂದೆ ತೆರೆದುಕೊಂಡಿತು.

ಅವನು ಕಿವಿಗೊಟ್ಟು ಕೂತಿದ್ದ. ಹಾಗೆ ಕೂತಿರುವುದು ಅವಳಿಗೆ ಕಾಣಿಸಿತು. ಮೂಲೆಯಲ್ಲಿ ಮೇಲ್ವಿಚಾರಕರ ಕಣ್ಣು ಅವಳ ಕೈ ಮೇಲಿತ್ತು.

ನಿಲ್ಲಬೇಡ, ದೇವರೇ, ನಿಲ್ಲಬೇಡ ಎಂದು ತನ್ನ ಕೈಗೇ ಬೇಡಿಕೊಂಡಳು.

ಪೆನ್ನು ನಿಲ್ಲಲಿಲ್ಲ. ಕರಕರ ಎನ್ನುತ್ತ, ಒಂದೇ ಸಮನೆ, ಆ ತಪ್ಪನ್ನು ದುಂಡಗಿನ ಅಕ್ಷರದಲ್ಲಿ ಬರೆದು ಮುಗಿಸಿತು.

ಅವನು ದೀರ್ಘವಾಗಿ ಉಸಿರು ಬಿಟ್ಟ. ಅವನ ಮುಖದಲ್ಲಿ ಅವಳು ಎಂದೂ ಕಾಣದ ಒಂದು ನಿರಾಳ ಭಾವ ಮೂಡಿತು. ಅದು ಏನೆಂದು ಅವಳಿಗೆ ಅರ್ಥವಾಗಲಿಲ್ಲ.

* * *

ಅದಾದ ಮೇಲಿನ ದಿನಗಳಲ್ಲಿ ಅವನ ಸಂತೋಷವನ್ನು ಅವಳಿಂದ ನೋಡಲಾಗುತ್ತಿರಲಿಲ್ಲ. ಪರೀಕ್ಷೆ ಮುಗಿದರೂ ಗ್ರಂಥಾಲಯಕ್ಕೆ ಬರುತ್ತಿದ್ದ. ಒಂದು ಸಂಜೆ ಅಣ್ಣನನ್ನೂ ಕೈಹಿಡಿದು ಒಳಗೆ ಕರೆತಂದ. ಇವರೇ ನನ್ನ ಕೈ ಎಂದು ಅವಳನ್ನು ತೋರಿಸಿದ. ಅಣ್ಣ ಕೈಮುಗಿದು, ಬೇಗ ಹೊರಟುಬಿಟ್ಟ. ಅವನ ಮುಖ ಬಿಳಿಚಿಕೊಂಡಿತ್ತು.

ಹೇಳಿಬಿಡಲೇ ಎಂದು ದಿನಾ ಅಂದುಕೊಂಡಳು. ಆದರೆ ಪರೀಕ್ಷೆಯಲ್ಲಿ ಬರೆದದ್ದರ ಬಗ್ಗೆ ಫಲಿತಾಂಶ ಬರುವವರೆಗೆ ತುಟಿ ಬಿಚ್ಚುವಂತಿಲ್ಲ ಎಂದು ಅವಳಿಂದ ಮಾತು ತೆಗೆದುಕೊಂಡಿದ್ದರು.

ಫಲಿತಾಂಶ ಬಂತು. ಅದೊಂದೇ ಉತ್ತರಕ್ಕೆ ಫೇಲ್. ಮರುಪರೀಕ್ಷೆಗೆ ಒಂದು ಅವಕಾಶವಿದೆ, ಅದೂ ಹೋದರೆ ಕೆಲಸ ಬೇರೆಯವರಿಗೆ ಎಂದು ಕಾರ್ಯಾಗಾರದ ಮೇಷ್ಟ್ರು ಹೇಳಿ ಕಳಿಸಿದ್ದರು.

ಅವನು ಒಳಕೋಣೆಗೆ ಬಂದಾಗ ಕೋಲು ಬಾಗಿಲಿಗೆ ಬಡಿಯಿತು. ಹಿಂದೆಂದೂ ಬಡಿದಿರಲಿಲ್ಲ.

"ನಿಮಗೆ ಗೊತ್ತಿತ್ತು."

ಅವಳು ಸುಳ್ಳು ಹೇಳಲಿಲ್ಲ. "ಗೊತ್ತಿತ್ತು."

"ಆದ್ರೂ ಪೆನ್ನು ನಿಲ್ಲಲಿಲ್ಲ."

ಅವಳು ಕುರ್ಚಿ ಹಿಡಿದುಕೊಂಡಳು. ಅಂದರೆ... "ನನ್ನ ಪೆನ್ನು ನಿಲ್ಲೋದು ನಿಮಗೆ ಕೇಳಿಸ್ತಿತ್ತಾ?"

"ಮೊದಲ ದಿನದಿಂದ."

ಕರಕರ ಪೆನ್ನು. ಅದನ್ನ ಎಸೀಬೇಡಿ ಎಂಬ ಮಾತು. ಅವಳು ಕಟ್ಟಿಕೊಂಡ ಸಂಜೆಗಳೆಲ್ಲ ಒಂದೊಂದಾಗಿ ಕಳಚಿಬಿದ್ದವು.

"ಅದಕ್ಕೇನಾ ಆ ಪೆನ್ನು ಬೇಕಂದಿದ್ದು? ಅದಕ್ಕೇನಾ... ನಾನು ಬೇಕಾಗಿದ್ದು?"

ಅವನು ಅಲ್ಲ ಎನ್ನಬೇಕಿತ್ತು. ಅನ್ನಲಿಲ್ಲ.

"ಆ ದಿನ ಪೆನ್ನು ನಿಲ್ಲದೇ ಹೋದಾಗ ನಾನು ಏನಂದುಕೊಂಡೆ ಗೊತ್ತಾ ನಿಮಗೆ? ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಎತ್ತಿಕೊಂಡು ಓಡಿದ್ದು ಅಣ್ಣ. ಅವನು ಮಾಡಿದ್ದೇ ಸರಿ ಅಂದುಕೊಂಡೆ. ಮನೆಗೆ ಹೋಗಿ ಅವನಿಗೂ ಹೇಳಿದೆ."

ಕೋಲು ತಡವುತ್ತ ಅವನು ಹೊರಟುಹೋದ. ಅವಳು ನಿಂತೇ ಇದ್ದಳು.

* * *

ಮರುಪರೀಕ್ಷೆಗೆ ತಯಾರಿ ನಡೆಸಲು ಅವನು ಬರಲಿಲ್ಲ. ಪಾಠಗಳ ರೆಕಾರ್ಡಿಂಗ್ ಕೇಳಿಕೊಂಡು ಮನೆಯಲ್ಲೇ ಓದುತ್ತಿದ್ದಾನೆ ಎಂದು ಸುದ್ದಿ ಬಂತು. ಆಮೇಲೆ ಮೇಡಂ, ಅವಳ ಮುಖ ನೋಡದೆ, ಪುಸ್ತಕ ಜೋಡಿಸುತ್ತಲೇ ಹೇಳಿದರು. ಬರೆದುಕೊಡಲು ಬೇರೆಯವರನ್ನು ಕೊಡಿ ಎಂದು ಅವನೇ ಕೇಳಿಕೊಂಡಿದ್ದಾನೆ. ಕಾಲೇಜಿನ ತೋಟದಲ್ಲಿ ಕೆಲಸ ಮಾಡುವವರ ಮಗಳು ಒಪ್ಪಿದ್ದಾಳೆ.

ಅವಳು ಸರಿ ಎಂದಳು. ಚೀಟಿಗಳನ್ನು ಅಂಟಿಸಿದಳು. ಒಂದು ಸಾಲು ಪುಸ್ತಕಗಳಿಗೆ ಚೀಟಿ ತಲೆಕೆಳಗಾಗಿ ಅಂಟಿತ್ತು. ಮೇಡಂ ನೋಡಿದರೂ ಏನೂ ಅನ್ನಲಿಲ್ಲ.

ಬೇಕಾದಾಗ ಹಾಸುವುದು. ಬೇಡವಾದಾಗ ಸುತ್ತಿಡುವುದು. ತನ್ನ ಹಣೆಬರಹದಲ್ಲಿ ಹೊಸದೇನು ಬರೆದಿದೆ ಎಂದುಕೊಂಡಳು. ಆದರೂ ಡಬ್ಬಿಯಲ್ಲಿದ್ದ ಕರಕರ ಪೆನ್ನನ್ನು ಬುಟ್ಟಿಗೆ ಎಸೆಯಲು ಕೈ ಬರಲಿಲ್ಲ.

ಮರುಪರೀಕ್ಷೆಯ ಹಿಂದಿನ ಸಂಜೆ. ಓದುವವರೆಲ್ಲ ಎದ್ದು ಹೋಗಿದ್ದರು. ಅವಳು ಬೆನ್ನು ಹರಿದ ಪುಸ್ತಕವೊಂದಕ್ಕೆ ಅಂಟು ಸವರುತ್ತಿದ್ದಳು. ಬಾಗಿಲಲ್ಲಿ ಕೋಲಿನ ಸದ್ದಾಯಿತು. ಕುಂಚ ನಿಂತಿತು.

"ನಿಂತಿತು" ಎಂದ ಅವನು, ಬಾಗಿಲಿನಿಂದಲೇ. "ನಾನೇನೂ ತಪ್ಪು ಹೇಳಿಲ್ಲವಲ್ಲ ಇನ್ನೂ."

ಅವನು ತಡವಿಕೊಂಡು ಬಂದು ತನ್ನ ಹಳೆಯ ಕುರ್ಚಿಯಲ್ಲಿ ಕೂತ.

"ನಾಳೆ ಬೇರೆಯವರು ಬರೀತಾರೆ" ಎಂದ.

"ಗೊತ್ತು. ಒಳ್ಳೇದಾಗಲಿ."

"ಯಾಕೆ ಅಂತ ಕೇಳಲ್ವಾ?"

"ನಿಲ್ಲದ ಪೆನ್ನು ಯಾರಿಗೆ ಬೇಕು..." ಎಂದಳು. ಕಣ್ಣೀರು ತಡೆದದ್ದು ದನಿಯಲ್ಲಿ ಕೇಳಿಸಿಬಿಟ್ಟಿತು. ಅವನ ಮುಂದೆ ಬಚ್ಚಿಡುವುದು ಸಾಧ್ಯವೇ ಇರಲಿಲ್ಲವಲ್ಲ.

ಅವನು ತಲೆ ತಗ್ಗಿಸಿದ. ಮೇಡಂ ತನಗೆ ಎಲ್ಲ ಹೇಳಿದರು ಎಂದ. ತಾನು ಪರೀಕ್ಷೆಯಿಂದಲೇ ಹೊರಬೀಳಬಾರದೆಂದು ಅವಳು ಆ ಕೈಯನ್ನು ಪಳಗಿಸಿದ್ದು ಆಗ ತಿಳಿಯಿತಂತೆ. ಅವಳು ಮಾಡಿದ್ದೇ ಸರಿ, ಕಳ್ಳತನ ಮಾಡಿದ್ದು ತಾನು ಎಂದ.

"ಆವತ್ತು ನೀವು ಕೇಳಿದಿರಿ, ಪೆನ್ನಿಗೋಸ್ಕರ ತಾನೆ ಅಂತ. ಉತ್ತರ ಕೊಡಲಿಲ್ಲ. ಅದು ಅರ್ಧ ನಿಜ ಆಗಿತ್ತು, ಅದಕ್ಕೆ. ಮೊದಮೊದಲು ಪೆನ್ನಿಗೋಸ್ಕರಾನೇ. ಆಮೇಲೆ ಗೊತ್ತಾಯ್ತು, ಪೆನ್ನು ನಿಂತಾಗ ನೀವು ಉಸಿರು ಬಿಗಿಹಿಡೀತೀರಿ. ನಾನು ಸರಿ ಹೇಳಲಿ ಅಂತ, ಈ ಕುರುಡನಿಗೋಸ್ಕರ. ಅದನ್ನ ಕೇಳೋಕೆ ಅಂತಲೇ... ಬೇಕಂತಲೇ ತಪ್ಪು ಹೇಳ್ತಿದ್ದೆ."

ಅವಳು ಕಣ್ಣರಳಿಸಿದಳು. ಸ್ಪಾರ್ಕ್ ಪ್ಲಗ್ಗನ್ನು ಟೈರಿನೊಳಗೆ ಹಾಕುತ್ತಾರೆ ಎಂದು ಅವನು ಒಮ್ಮೆ ಬರೆಸಿದ್ದು ನೆನಪಾಯಿತು. ಯಾವ ಮೆಕ್ಯಾನಿಕ್ ಹಾಗೆ ಹೇಳಿಯಾನು?

"ಹಾಗಾದ್ರೆ ನಾಳೆ ಯಾಕೆ ಬೇರೆಯವರು?" ಕೊನೆಗೂ ಕೇಳಿಯೇ ಬಿಟ್ಟಳು.

"ಪರೀಕ್ಷೆಗೆ ಮುಂಚೆ ಒಂದು ಪ್ರಶ್ನೆ ಕೇಳ್ತಾರಲ್ಲ. ಬರೆಯೋರು ನಿಮ್ಮ ಕಡೆಯವರಾ ಅಂತ." ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಅವಳೆದುರು ಅವನು ಅದನ್ನು ತೆಗೆದದ್ದು ಅದೇ ಮೊದಲು. "ಕಳೆದ ಸಲ ಅಲ್ಲ ಅಂದೆ. ಆಗಲೇ ನಾಲಿಗೆ ತಡವರಿಸಿತ್ತು. ಈ ಸಲ ಆ ಸುಳ್ಳು ಹೇಳೋಕೆ ನನ್ನಿಂದ ಆಗಲ್ಲ."

ಫ್ಯಾನು ತಿರುಗುತ್ತಿತ್ತು. ಅವಳ ಎದೆಯ ಸದ್ದು ಅವಳಿಗೇ ಕೇಳುತ್ತಿತ್ತು. ಅವನಿಗೆ ಕೇಳದಿರುತ್ತದೆಯೇ?

"ನಾನು ಶಾಲೆ ಬಿಟ್ಟವಳು" ಎಂದಳು, ತೀರ ಸಣ್ಣ ದನಿಯಲ್ಲಿ.

"ಅದಕ್ಕೇ ತಾನೆ ನನಗೆ ಸಿಕ್ಕಿದ್ದು."

ಅಳು ಬರುವಾಗಲೇ ನಗುವೂ ಬಂತು. ಅವಳು ಅಂಟಾದ ಕೈಗಳಲ್ಲಿ ಒಂದನ್ನು ಸೆರಗಿಗೆ ಒರೆಸಿಕೊಂಡು, ಮೇಜಿನ ಮೇಲಿದ್ದ ಅವನ ಬೆರಳುಗಳ ಪಕ್ಕದಲ್ಲಿ ಇಟ್ಟಳು. ಮುಟ್ಟಲಿಲ್ಲ. ಅವನೇ ಹುಡುಕಿಕೊಂಡ.

"ಮುಂದೆ ಯಾರು ಕೇಳಿದರೂ ಹೌದು ಅಂತ ಹೇಳಿ" ಎಂದಳು.

ಅವನು ಕೈ ಬಿಡದೆಯೇ ಕೇಳಿದ. "ಆ ಪುಟ ಓದ್ತೀಯಾ?"

ನೀವು ಹೋಗಿ ನೀನು ಆಗಿತ್ತು. ಅವಳು ಗಮನಿಸಿದಳು.

"ಬೇಡ. ನಾಳೆ ನೀರು ಅಂತ ಬರೆಸಿದರೆ ಸಾಕು."

"ಬರೆಸೋದಕ್ಕೆ ಅಲ್ಲ. ಬಟ್ಟೆ ಕಟ್ಟಬಾರದಿತ್ತು ಅಂತ ಆವತ್ತೇ ಡಾಕ್ಟರ್ ಹೇಳಿದ್ರಂತೆ. ಅಣ್ಣ ನಿನ್ನೆ ಬಾಯಿಬಿಟ್ಟ. ಇಷ್ಟು ಕಾಲ ಒಬ್ಬನೇ ಹೊತ್ತುಕೊಂಡಿದ್ದ. ನೀನು ಮಾಡಿದ್ದೇ ಸರಿ ಅಂತ ನಾನು ಹೇಳಿದಾಗ ಅವನಿಗೆ ಹೇಗಾಗಿರಬೇಕು... ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾನೆ. ಪೂರ್ತಿ ಕೇಳಿಕೊಂಡು ಹೋಗಿ ಅವನ ಕೈ ಹಿಡೀಬೇಕು. ಏನೂ ಗೊತ್ತಿಲ್ಲದ ಹಾಗೆ ಹಿಡಿದರೆ ಅದು ಹಿಡಿದ ಹಾಗಲ್ಲ."

ಅವಳು ಪುಸ್ತಕ ತೆಗೆದಳು. ಒಂದು ಕೈ ಅವನಲ್ಲಿದ್ದುದರಿಂದ ಇನ್ನೊಂದರಲ್ಲೇ ಹಾಳೆ ತಿರುವಿದಳು.

"ಕಣ್ಣಿಗೆ ಆ್ಯಸಿಡ್ ಸಿಡಿದಾಗ, ಬೇರೇನನ್ನೂ ಮಾಡುವ ಮೊದಲು, ತಡಮಾಡದೆ ಶುದ್ಧವಾದ ನೀರನ್ನು ಧಾರಾಳವಾಗಿ ಸುರಿಯುತ್ತ ತೊಳೆಯಬೇಕು..."

ಅವನ ಬೆರಳು ಬಿಗಿಯಾಯಿತು. ಅವಳ ದನಿ ನಿಂತಿತು.

"ನಿಲ್ಲಿಸಬೇಡ" ಎಂದ.

ಅವಳು ಓದಿದಳು. ಕೊನೆಯ ಸಾಲಿನವರೆಗೂ, ಒಂದೇ ಸಮನೆ. ಮುಗಿದಾಗ ಅವನ ಕೆನ್ನೆ ಒದ್ದೆಯಾಗಿತ್ತು. ಅವಳು ಪುಸ್ತಕ ಮುಚ್ಚಿ ಆ ಕೈಯಿಂದ ಕೆನ್ನೆ ಒರೆಸಿದಳು.

"ಅಂಟು" ಎಂದ ಅವನು.

"ಇರಲಿ ಬಿಡಿ" ಎಂದಳು.

ಹೊರಗೆ ಕಪಾಟುಗಳ ಆಚೆ ಒಂದೊಂದೇ ದೀಪ ಆರುತ್ತ ಬಂತು. ಬೀಗದ ಕೈಗೊಂಚಲಿನ ಸದ್ದು ಹತ್ತಿರವಾಯಿತು. ಒಳಗೆ ಯಾರಿದ್ದೀರಿ ಎಂದು ಮೇಡಂ ಒಮ್ಮೆ ಕೂಗಿದರು. ಅವನು ಅಲುಗಲಿಲ್ಲ. ಅವಳು ಉಸಿರು ಬಿಗಿಹಿಡಿದಳು. ಅದನ್ನು ಕೇಳಿ ಅವನು ನಕ್ಕ, ಸದ್ದಾಗದ ಹಾಗೆ.

"ಯಾರಾದ್ರೂ ಇದ್ರೆ ಒಂದು ಮಾತು ಹೇಳ್ರಪ್ಪಾ, ಬೀಗ ಹಾಕಬೇಕು."